ಬಿಟ್ಟವರನ್ನು ಎಣಿಸುವಾಗ ಅಳತೆ ಸರಿಯಿರಲಿ

(ಕುದೇರಿನ ಮಸೀದಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಅಲ್ಲಾಹನನ್ನು ಸ್ತುತಿಸಿ, ಅವನ ಅಂತ್ಯ ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್ ಮತ್ತು ಸಲಾಮ್ ಕೋರಿ ಈ ಮಾತುಗಳನ್ನು ಆರಂಭಿಸುತ್ತೇವೆ.

ಮಾನ್ಯ ಸಹೋದರರೇ, ಇಂದು ಮೊದಲು ನಮ್ಮದೇ ಒಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕಾಗಿದೆ.

ಕಳೆದ ಈದುಲ್ ಫಿತ್ರ್‌ನ ದಿನ ಖುತ್ಬಾ ಮುಗಿದ ಮೇಲೆ ನಾವು ಒಂದು ಪ್ರಶ್ನೆ ಕೇಳಿದ್ದೆವು. ಈ ರಮಝಾನ್‌ನಲ್ಲಿ ಬೀಡಿ ಸಿಗರೇಟು ಬಿಟ್ಟವರು ಯಾರು, ಕೈ ಎತ್ತಿ ಎಂದಿದ್ದೆವು. ಹದಿನಾಲ್ಕು ಕೈಗಳು ಮೇಲೆದ್ದವು. ಅಲ್‌ಹಮ್ದುಲಿಲ್ಲಾಹ್ ಎಂದು ಅವರಿಗಾಗಿ ದುಆ ಮಾಡಿದೆವು. ಎರಡು ತಿಂಗಳು ಹತ್ತು ದಿನ ಕಳೆದು ಬಕ್ರೀದ್ ಬಂತು. ಅಂದೂ ಅದೇ ಪ್ರಶ್ನೆ ಕೇಳಿದೆವು. ಆ ಹದಿನಾಲ್ಕು ಜನರಲ್ಲಿ ಎಂಟು ಮಂದಿ ಸಫ್‌ನಲ್ಲಿದ್ದರು. ಐವರು ಕೈ ಎತ್ತಿದರು, ಮೂವರು ತಲೆ ತಗ್ಗಿಸಿದರು. ನಾವು ಮುತವಲ್ಲಿ ಸಾಹೇಬರ ಬಳಿ ಹೋಗಿ, "ಎಂಟರಲ್ಲಿ ಐದು ಜನ ಉಳಿದಿದ್ದಾರೆ, ಅರ್ಧಕ್ಕಿಂತ ಹೆಚ್ಚು" ಎಂದು ಸಂತೋಷದಿಂದಲೇ ಹೇಳಿದೆವು.

ಪಕ್ಕದಲ್ಲಿ ಹಿರಿಯರೊಬ್ಬರು ನಿಂತಿದ್ದರು. ಹಲವು ವರ್ಷ ಹಾಲಿನ ಸೊಸೈಟಿಯಲ್ಲಿ ಲೆಕ್ಕ ಬರೆದವರು. ಅವರು ಮೆಲ್ಲಗೆ ಹೇಳಿದರು: "ಹಜ್ರತ್, ಕೈ ಎತ್ತಿದ್ದು ಹದಿನಾಲ್ಕು ಜನ ಅಲ್ವಾ? ಬಂದ ಕ್ಯಾನು ಮಾತ್ರ ಎಣಿಸಿ, ಊರಿನ ಹಾಲೆಲ್ಲ ಬಂತು ಅಂತ ಬರೆಯಕ್ಕಾಗಲ್ಲ. ಬಾರದ ಆರು ಜನ ಎಲ್ಲಿ?"

ನಮಗೆ ಉತ್ತರ ಗೊತ್ತಿರಲಿಲ್ಲ. ವಿಚಾರಿಸಿದೆವು. ಇಬ್ಬರು ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದರು. ಮೂವರು ಊರಿನಲ್ಲೇ ಇದ್ದರು, ಆದರೆ ಅಂದು ಬೇರೆ ಕಡೆ ನಮಾಝ್ ಮಾಡಿದ್ದರು. ಉಳಿದ ಒಬ್ಬ ಯುವಕ ಈದ್ ಕಳೆದು ಒಂದು ತಿಂಗಳಾದಾಗಿನಿಂದ ಜುಮಾಕ್ಕೂ ಸಂತೇಮರಹಳ್ಳಿಗೆ ಹೋಗುತ್ತಿದ್ದ. ಕಾರಣ ಕೇಳಿದಾಗ ಅವನ ತಾಯಿ ಹೇಳಿದ್ದು ಇಷ್ಟೇ: "ಎಲ್ಲರೆದುರು ಕೈ ಎತ್ತಿದ್ದ ಹಜ್ರತ್, ಮತ್ತೆ ಶುರುವಾಯ್ತು. ನಿಮ್ಮ ಮುಖ ನೋಡಕ್ಕೆ ನಾಚಿಕೆ ಅವನಿಗೆ."

ಸಹೋದರರೇ, ನಾವು ಎಣಿಸಿದ ರೀತಿಯೇ ಒಬ್ಬ ಸಹೋದರನನ್ನು ಅವನ ಮೊಹಲ್ಲಾದ ಮಸೀದಿಯಿಂದ ದೂರ ಮಾಡಿತ್ತು. ಆದ್ದರಿಂದ ಇಂದಿನ ವಿಷಯ, ಬೀಡಿ ಕೆಟ್ಟದ್ದು ಎಂಬುದಲ್ಲ. ಅದು ಸೇದುವವನಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅದನ್ನು ಹರಾಮ್ ಎಂದ ವಿದ್ವಾಂಸರಿದ್ದಾರೆ, ಮಕ್ರೂಹ್ ಎಂದವರಿದ್ದಾರೆ, ಒಳ್ಳೆಯದು ಎಂದವರಂತೂ ಇಲ್ಲ. ಇಂದಿನ ವಿಷಯ, 'ಬಿಟ್ಟ' ಎಂದು ಯಾರನ್ನು, ಯಾವಾಗ, ಹೇಗೆ ಹೇಳಬೇಕು ಎಂಬುದು.

ಪವಿತ್ರ ಕುರ್‌ಆನ್‌ನಲ್ಲಿ ಅಳತೆಯ ಬಗ್ಗೆಯೇ ಒಂದು ಸೂರಃ ಇದೆ, ಅಲ್ ಮುತಫ್ಫಿಫೀನ್. ತಾವು ಪಡೆಯುವಾಗ ಪೂರ್ತಿ ಅಳೆದುಕೊಂಡು, ಇತರರಿಗೆ ಕೊಡುವಾಗ ಕಡಿಮೆ ಅಳೆಯುವವರಿಗೆ ಅದರ ಆರಂಭದಲ್ಲೇ ಕಠಿಣ ಎಚ್ಚರಿಕೆಯಿದೆ. ಇದು ತಕ್ಕಡಿ ಹಿಡಿದ ವ್ಯಾಪಾರಿಗಳಿಗೆ ಮಾತ್ರ ಎಂದು ನಾವು ಕೇಳಿಸಿಕೊಳ್ಳುತ್ತೇವೆ. ಆದರೆ ನಮ್ಮ ಉಪದೇಶದ ಫಲವನ್ನು ಎಣಿಸುವಾಗ ಕೈಯನ್ನು ಉದಾರವಾಗಿ ಬಿಟ್ಟು, ಎಡವಿದವನನ್ನು ಎಣಿಸುವಾಗ ಬಿಗಿ ಹಿಡಿದರೆ ಅದೂ ತಪ್ಪು ಅಳತೆಯೇ. ನಾವು ಮಾಡಿದ್ದು ಅದನ್ನೇ.

ಬಕ್ರೀದ್ ನಂತರ ಚಾಮರಾಜನಗರದ ವೈದ್ಯ ಮಿತ್ರರೊಬ್ಬರ ಬಳಿ ಕುಳಿತು, ತಂಬಾಕು ಬಿಡಿಸುವ ಚಿಕಿತ್ಸೆಗಳನ್ನು ಪರೀಕ್ಷಿಸುವವರು 'ಯಶಸ್ಸು' ಎಂದು ಯಾವುದನ್ನು ಕರೆಯುತ್ತಾರೆ ಎಂದು ಕೇಳಿದೆವು. ಅವರು ಮೂರು ಪ್ರಶ್ನೆಗಳನ್ನು ನಮ್ಮ ಮುಂದಿಟ್ಟರು. ಎಷ್ಟು ಕಾಲದಿಂದ ಬಿಟ್ಟಿದ್ದಾನೆ? ಯಾರ ಮಾತಿನ ಮೇಲೆ? ಎಷ್ಟು ಜನರಲ್ಲಿ?

ಮೊದಲನೆಯದು ಕಾಲ. ರಮಝಾನ್‌ನ ಹಗಲಿನಲ್ಲಿ ಸುಮಾರು ಹದಿಮೂರೂವರೆ ಗಂಟೆ ಬೀಡಿ ಮುಟ್ಟದವರು ನಮ್ಮಲ್ಲಿ ಎಲ್ಲರೂ. ದಿನಕ್ಕೊಂದು ಕಟ್ಟು ಸೇದುವವರೂ ಅಷ್ಟು ಹೊತ್ತು ತಡೆಯುತ್ತಾರೆ. ಇದು ಸಣ್ಣ ಮಾತಲ್ಲ. ತನ್ನಿಂದಾಗದು ಎನ್ನುವವನಿಗೆ, ಅಲ್ಲಾಹನಿಗಾಗಿ ಆಗುತ್ತದೆ ಎಂದು ತೋರಿಸಿಕೊಡುವ ತಿಂಗಳು ಅದು. ಆದರೆ ಅದನ್ನೇ ಬಿಟ್ಟದ್ದು ಎನ್ನಲಾಗದು. ಇಫ್ತಾರ್‌ನ ಖರ್ಜೂರ ಬಾಯಲ್ಲಿರುವಾಗಲೇ ಕೈ ಜೇಬಿಗೆ ಹೋಗುವುದನ್ನು ನಾವು ನೋಡಿದ್ದೇವೆ.

ಕೆಲವು ಅಧ್ಯಯನಗಳು, ಕಳೆದ ಏಳು ದಿನಗಳಲ್ಲಿ ಸೇದಿದ್ದೀರಾ ಎಂದು ಕೇಳುತ್ತವೆ. ಇಲ್ಲ ಎಂದವನನ್ನು ಬಿಟ್ಟವನೆಂದು ಬರೆದುಕೊಳ್ಳುತ್ತವೆ. ಅದಕ್ಕಿಂತ ಬಿಗಿಯಾದ ಅಳತೆ, ಬಿಟ್ಟ ದಿನದಿಂದ ಆರು ತಿಂಗಳು ಅಥವಾ ಒಂದು ವರ್ಷ ಎಡೆಬಿಡದೆ ದೂರ ಇದ್ದಾನೆಯೇ ಎಂಬುದು. 2005ರಲ್ಲಿ ರಾಬರ್ಟ್ ವೆಸ್ಟ್ ಮತ್ತವರ ಜೊತೆಗಾರರು ಎಲ್ಲ ಅಧ್ಯಯನಗಳೂ ಒಂದೇ ಅಳತೆಗೋಲು ಬಳಸಲಿ ಎಂದು ಇಂಥ ನಿಯಮಗಳನ್ನು ಮುಂದಿಟ್ಟರು. ಧೂಮಪಾನದ ಚಟವನ್ನು ಆಳವಾಗಿ ಅಧ್ಯಯನ ಮಾಡಿದ ಲಂಡನ್ನಿನ ವೈದ್ಯ ಮೈಕಲ್ ರಸೆಲ್‌ರ ಹೆಸರಿನಲ್ಲಿ ಅದನ್ನು 'ರಸೆಲ್ ಸ್ಟ್ಯಾಂಡರ್ಡ್' ಎನ್ನುತ್ತಾರೆ.

ಆರು ತಿಂಗಳು ಏಕೆ? ಯಾರ ಸಹಾಯವೂ ಇಲ್ಲದೆ ಬಿಡಲು ಹೊರಟವರಲ್ಲಿ ಹೆಚ್ಚಿನವರು ಮೊದಲ ಎಂಟು ದಿನಗಳಲ್ಲೇ ಮರಳುತ್ತಾರೆ. ಹಾಗಾಗಿ ವಾರಕ್ಕೆ ಎಣಿಸಿದರೆ ಒಂದು ಸಂಖ್ಯೆ, ತಿಂಗಳಿಗೆ ಇನ್ನೊಂದು, ವರ್ಷಕ್ಕೆ ಮತ್ತೊಂದು. ಈದ್ ದಿನವೇ ಎಣಿಸಿದ ನಾವು, ಬಿತ್ತಿದ ಮರುದಿನ ಫಸಲು ತೂಗಲು ಹೋದವರಂತೆ. ಪ್ರವಾದಿವರ್ಯರು(ಸ), ಕರ್ಮಗಳಲ್ಲಿ ಅಲ್ಲಾಹನಿಗೆ ಅತ್ಯಂತ ಪ್ರಿಯವಾದುದು ಚಿಕ್ಕದಾದರೂ ಸತತವಾಗಿ ನಡೆಯುವ ಕರ್ಮ ಎಂದು ನಮಗೆ ಕಲಿಸಿದ್ದಾರೆ. ಸಂಶೋಧಕರು ಹಲವು ವರ್ಷ ಲೆಕ್ಕ ಹಾಕಿ ತಲುಪಿದ ಅಳತೆಯೂ ಸಾತತ್ಯವೇ.

ಎರಡನೆಯದು ಮಾತು. ಇಮಾಮ್ ಮಿಂಬರ್ ಮೇಲಿಂದ ಕೇಳಿದರೆ ಇಮಾಮ್‌ಗೆ ಬೇಕಾದ ಉತ್ತರವೇ ಬರುತ್ತದೆ. ವೈದ್ಯರು ಕೇಳಿದರೂ ಹೀಗೆಯೇ. ಇದು ಯಾವಾಗಲೂ ಸುಳ್ಳು ಹೇಳುವ ದುರುದ್ದೇಶವಲ್ಲ. ಪ್ರೀತಿಯಿಂದ ಕೇಳಿದವರನ್ನು ನೋಯಿಸಲಾಗದ ಸಂಕೋಚವೂ ಇರುತ್ತದೆ. ಅದಕ್ಕೇ ಅವರು ಮಾತಿನ ಜೊತೆ ಉಸಿರನ್ನೂ ಉಗುಳನ್ನೂ ಪರೀಕ್ಷಿಸುತ್ತಾರೆ.

ಒಂದು ಚಿಕ್ಕ ಯಂತ್ರಕ್ಕೆ ಊದಿದರೆ ಉಸಿರಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ ಎಂದು ಅದು ತೋರಿಸುತ್ತದೆ. ಹೊಗೆ ಎಳೆದವನಲ್ಲಿ ಅದು ಹೆಚ್ಚು. ರಸೆಲ್ ಸ್ಟ್ಯಾಂಡರ್ಡ್‌ನಲ್ಲಿ ಹತ್ತು ಅಂಶಕ್ಕಿಂತ ಕಡಿಮೆಯಿದ್ದರೆ ಬಿಟ್ಟವನ ಮಾತಿಗೆ ಸಾಕ್ಷಿ ಸಿಕ್ಕಂತೆ. ಆದರೆ ಆ ಅನಿಲ ನಾಲ್ಕೈದು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಸಹ್ರಿ ಮುಗಿಸಿ ಬೀಡಿ ಸೇದಿದವನ ಉಸಿರಿನಲ್ಲಿ 24 ಅಂಶ ಇತ್ತೆಂದುಕೊಳ್ಳಿ. ಹತ್ತು ಗಂಟೆಯ ಹೊತ್ತಿಗೆ 12, ಅಸರ್‌ಗೆ ಮೊದಲೇ 6, ಮಗ್ರಿಬ್‌ಗೆ ಸುಮಾರು 3. ರಮಝಾನ್‌ನಲ್ಲಿ ಅಝಾನ್‌ಗೆ ಸ್ವಲ್ಪ ಮೊದಲು ನಮ್ಮ ಹೌಝ್‌ನ ಬಳಿ ಈ ಯಂತ್ರ ಇಟ್ಟು ಊದಿಸಿದರೆ ಇಡೀ ಜಮಾಅತ್ ಬೀಡಿ ಬಿಟ್ಟಿದೆ ಎಂದೇ ಬರುತ್ತದೆ! ಯಂತ್ರ ಸುಳ್ಳು ಹೇಳುವುದಿಲ್ಲ, ಆದರೆ ಅದು ಕೆಲವು ಗಂಟೆಗಳ ಸಾಕ್ಷಿ ಮಾತ್ರ. ನಿಕೋಟಿನ್ ದೇಹದಲ್ಲಿ ಕೊಟಿನಿನ್ ಎಂಬ ಪದಾರ್ಥವಾಗುತ್ತದೆ. ಅದು ಉಗುಳಿನಲ್ಲಿ, ಮೂತ್ರದಲ್ಲಿ ಮೂರು ನಾಲ್ಕು ದಿನ ಉಳಿಯುತ್ತದೆ. ಹೊಗೆಸೊಪ್ಪು ಜಗಿದವನನ್ನೂ ಅದು ತೋರಿಸುತ್ತದೆ, ಊದುವ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಬಕ್ರೀದ್ ದಿನ ಕೈ ಎತ್ತಿದ ಐವರಲ್ಲಿ ಒಬ್ಬರು ಆಮೇಲೆ ತಾವಾಗಿ ಬಂದು, "ಹಜ್ರತ್, ಬೀಡಿ ಬಿಟ್ಟಿರೋದು ನಿಜ, ಆದ್ರೆ ಹೊಗೆಸೊಪ್ಪು ಹಿಡಿದಿದ್ದೀನಿ" ಎಂದರು. ಅವರ ಪ್ರಾಮಾಣಿಕತೆಗೆ ಅಲ್ಲಾಹನು ಪ್ರತಿಫಲ ನೀಡಲಿ. ನಮ್ಮ ಐದು, ನಾಲ್ಕಾಯಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಪರೀಕ್ಷೆ ಬೇರೆ, ಪತ್ತೇದಾರಿ ಬೇರೆ. ನಮ್ಮ ಕುದೇರಿನಲ್ಲೇ ಹಾಲಿನ ಡೇರಿ ಇದೆ. ಹಾಲು ಹಾಕುವವರಿಗೆ ಗೊತ್ತು, ಸೊಸೈಟಿಯಲ್ಲಿ ಪ್ರತಿಯೊಬ್ಬರ ಹಾಲಿನ ಫ್ಯಾಟ್, ಡಿಗ್ರಿ ನೋಡುತ್ತಾರೆ. ಯಾರೂ ಅದನ್ನು ಅವಮಾನ ಎಂದುಕೊಳ್ಳುವುದಿಲ್ಲ. ಏಕೆಂದರೆ ಅದು ಎಲ್ಲರಿಗೂ ಒಂದೇ, ಎಲ್ಲರೂ ಒಪ್ಪಿದ ನಿಯಮ. ವೈದ್ಯರ ಪರೀಕ್ಷೆಯೂ ಹಾಗೆ, ಬಂದವನು ಒಪ್ಪಿ ಊದುತ್ತಾನೆ. ಆದರೆ ಮಗನ ಅಂಗಿಯ ಜೇಬು ತಡಕುವುದು, ಗಂಡ ಮನೆಗೆ ಬಂದ ಕೂಡಲೇ ಬಾಯಿ ಮೂಸುವುದು, ಪಕ್ಕದ ಮನೆಯವರ ಬಳಿ ವಿಚಾರಿಸುವುದು ಬೇರೆ. ಪರರ ಗುಟ್ಟನ್ನು ಹುಡುಕಬೇಡಿರೆಂದು ಸೂರಃ ಅಲ್ ಹುಜುರಾತ್ ನಮ್ಮನ್ನು ತಡೆದಿದೆ. ಪತ್ತೇದಾರಿ ಹೆಚ್ಚಿದ ಮನೆಯಲ್ಲಿ ಬೀಡಿ ಕಡಿಮೆಯಾಗುವುದಿಲ್ಲ, ಅಡಗಿಸಿಡುವ ಜಾಗ ಬದಲಾಗುತ್ತದೆ.

ಮೂರನೆಯ ಪ್ರಶ್ನೆ, ಎಷ್ಟು ಜನರಲ್ಲಿ ಎಂಬುದು. ಆ ಹಿರಿಯರು ನಮ್ಮನ್ನು ಹಿಡಿದದ್ದು ಇಲ್ಲೇ. ನಮ್ಮ ದೇಶದಲ್ಲೇ ಇದಕ್ಕೊಂದು ಉದಾಹರಣೆಯಿದೆ. 2002ರಲ್ಲಿ ಭಾರತದಲ್ಲಿ ತಂಬಾಕು ಬಿಡಿಸುವ 13 ಚಿಕಿತ್ಸಾ ಕೇಂದ್ರಗಳು ಆರಂಭವಾದವು. ಬೆಂಗಳೂರಿನ ನಿಮ್ಹಾನ್ಸ್ ಅವುಗಳಲ್ಲೊಂದು. ಮೊದಲ ಐದು ವರ್ಷಗಳಲ್ಲಿ ಹೆಸರು ನೋಂದಾಯಿಸಿದವರು 34,741 ಮಂದಿ. ಅವರಲ್ಲಿ ಆರಂಭದ ಪೂರ್ಣ ವಿವರ ದಾಖಲಾದದ್ದು 23,320 ಮಂದಿಯದು. ಆರು ವಾರಗಳ ನಂತರ ತಂಬಾಕು ಬಿಟ್ಟಿದ್ದವರು 3,255 ಮಂದಿ, ಅರ್ಧಕ್ಕಿಂತ ಹೆಚ್ಚು ಕಡಿಮೆ ಮಾಡಿದ್ದವರು 5,187 ಮಂದಿ.

ಈಗ ಲೆಕ್ಕ ಹಾಕಿ. ವಿವರ ದಾಖಲಾದವರಲ್ಲಿ ನೋಡಿದರೆ ಬಿಟ್ಟವರು ನೂರಕ್ಕೆ 14. ಬಾಗಿಲಿಗೆ ಬಂದವರೆಲ್ಲರಲ್ಲಿ ನೋಡಿದರೆ ನೂರಕ್ಕೆ 9. ಕಡಿಮೆ ಮಾಡಿದವರನ್ನೂ ಸೇರಿಸಿಕೊಂಡರೆ ಸಂಖ್ಯೆ ಎಲ್ಲಿಗೋ ಏರುತ್ತದೆ. ಜನ ಅವರೇ, ಆದರೆ ಯಶಸ್ಸು ಮೂರು ಬಗೆ. ಅದನ್ನು ಬರೆದವರು ಈ ಸಂಖ್ಯೆಗಳನ್ನೆಲ್ಲ ಬಿಚ್ಚಿಟ್ಟಿದ್ದರಿಂದಲೇ ನಾವಿಂದು ಲೆಕ್ಕ ಹಾಕಲು ಸಾಧ್ಯವಾಯಿತು. ಪ್ರಾಮಾಣಿಕ ಅಳತೆ ಎಂದರೆ ಅದು.

ಕಡಿಮೆ ಮಾಡುವುದು ಬಿಡುವ ದಾರಿಯ ಮೆಟ್ಟಿಲಾಗಬಹುದು, ಆದರೆ ಅದು ಮನೆಯಲ್ಲ. ದಿನಕ್ಕೆ ಒಂದೇ ಸಿಗರೇಟು ಸೇದುವವನಿಗೂ, ಇಪ್ಪತ್ತು ಸೇದುವವನಿಗಿರುವ ಹೃದಯರೋಗದ ಹೆಚ್ಚುವರಿ ಅಪಾಯದಲ್ಲಿ ಸುಮಾರು ಅರ್ಧದಷ್ಟು ಇದೆ ಎಂದು 2018ರ ಒಂದು ದೊಡ್ಡ ವಿಶ್ಲೇಷಣೆ ತೋರಿಸಿದೆ. ಆದ್ದರಿಂದ ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಬಾರದು.

ಹಾಗಾದರೆ ಬಾರದವರನ್ನು ಎಲ್ಲಿ ಬರೆಯಬೇಕು? ರಸೆಲ್ ಸ್ಟ್ಯಾಂಡರ್ಡ್‌ನ ಉತ್ತರ ಕಠಿಣವಾದುದು. ತೀರಿಕೊಂಡವರನ್ನೂ, ಹುಡುಕಲಾಗದ ವಿಳಾಸಕ್ಕೆ ಹೋದವರನ್ನೂ ಬಿಟ್ಟು, ಮರಳಿ ಬಾರದವರೆಲ್ಲರನ್ನೂ ಮತ್ತೆ ಸೇದುತ್ತಿದ್ದಾರೆ ಎಂದೇ ಎಣಿಸಬೇಕು. ಇದು ಅವರ ಮೇಲಿನ ದುರನುಮಾನವಲ್ಲ. ತಮಗೆ ತಿಳಿಯದ್ದನ್ನು ತಮ್ಮ ಗೆಲುವಿನ ಖಾತೆಗೆ ಬರೆದುಕೊಳ್ಳಬಾರದು ಎಂದು ಸಂಶೋಧಕರು ತಮಗೆ ತಾವೇ ಹಾಕಿಕೊಂಡ ಲಗಾಮು.

ಈ ನಿಯಮ ಕೇಳಿದಾಗ ನಮಗೆ ಪ್ರವಾದಿವರ್ಯರ(ಸ) ಜೀವನದ ಒಂದು ಘಟನೆ ನೆನಪಾಯಿತು. ಮಸೀದಿಯ ಕಸ ಗುಡಿಸುತ್ತಿದ್ದ ಒಬ್ಬ ಬಡ ಮಹಿಳೆ ಕೆಲವು ದಿನ ಕಾಣಿಸಲಿಲ್ಲ. ಎಲ್ಲಿ ಎಂದು ಪ್ರವಾದಿವರ್ಯರು(ಸ) ತಾವೇ ಕೇಳಿದರು. ತೀರಿಕೊಂಡಳೆಂದು ತಿಳಿದಾಗ, ತಮಗೇಕೆ ತಿಳಿಸಲಿಲ್ಲ ಎಂದು ಸಂಗಾತಿಗಳನ್ನು ಪ್ರಶ್ನಿಸಿದರು. ಅವಳ ಸಾವು ಅಷ್ಟು ದೊಡ್ಡ ವಿಷಯವೆಂದು ಅವರು ಭಾವಿಸಿರಲಿಲ್ಲ. ಪ್ರವಾದಿವರ್ಯರು(ಸ) ಅವಳ ಕಬ್ರ್ ಬಳಿಗೆ ಹೋಗಿ ಅವಳಿಗಾಗಿ ಪ್ರಾರ್ಥಿಸಿದರು. ಸಂಶೋಧಕನ ಪುಸ್ತಕದಲ್ಲಿ ಬಾರದವನು ಒಂದು ಗುರುತು ಮಾತ್ರ. ಪ್ರವಾದಿಯವರ(ಸ) ಮಸೀದಿಯಲ್ಲಿ ಬಾರದವರು ವಿಚಾರಿಸಿಕೊಳ್ಳಬೇಕಾದವರು. ನಾವು ಸಂಶೋಧಕರಿಂದ ಲೆಕ್ಕದ ಪ್ರಾಮಾಣಿಕತೆಯನ್ನು ಕಲಿಯೋಣ. ಲೆಕ್ಕದಲ್ಲಿ ಖಾಲಿ ಬಿದ್ದ ಜಾಗ ಕಂಡಾಗ ಏನು ಮಾಡಬೇಕು ಎಂಬುದನ್ನು ಪ್ರವಾದಿವರ್ಯರಿಂದ(ಸ) ಕಲಿಯೋಣ.

ರಸೆಲ್ ಸ್ಟ್ಯಾಂಡರ್ಡ್‌ನಲ್ಲಿ ಇನ್ನೊಂದು ವಿಷಯವಿದೆ. ಆರು ತಿಂಗಳು ಅಥವಾ ವರ್ಷದಲ್ಲಿ ಒಟ್ಟು ಐದು ಸಿಗರೇಟಿನವರೆಗೆ ಎಡವಿದವನನ್ನೂ ಅದು ಬಿಟ್ಟವನೆಂದೇ ಎಣಿಸುತ್ತದೆ. ಹಜ್ರತ್ ಐದು ಬೀಡಿಗೆ ಫತ್ವಾ ಕೊಟ್ಟರು ಎಂದು ಮನೆಗೆ ಹೋಗಿ ಹೇಳಬೇಡಿ! ಅದು ಅನುಮತಿಯಲ್ಲ, ಎಡವುವುದಕ್ಕೂ ಮರಳುವುದಕ್ಕೂ ಇರುವ ವ್ಯತ್ಯಾಸ. ಅಷ್ಟು ಬಿಗಿಯಾದ ಅಳತೆಯಲ್ಲೂ ಮನುಷ್ಯನ ದೌರ್ಬಲ್ಯಕ್ಕೆ ಸ್ವಲ್ಪ ಜಾಗ ಇಟ್ಟಿದ್ದಾರೆ. ಆದರೆ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಮದುವೆ ಮನೆಯಲ್ಲಿ ಒಂದು ಸಿಗರೇಟು ಸೇದಿದ್ದು ಗೊತ್ತಾದರೆ, "ನಿನ್ನ ಕೈಲಿ ಎಲ್ಲಾಗುತ್ತೆ" ಎಂದು ತಂದೆ ಹೇಳುತ್ತಾರೆ. ಇನ್ನು ಏನಿದೆ ಎಂದು ಅವನೂ ಅಂದು ರಾತ್ರಿಯೇ ಒಂದು ಪ್ಯಾಕ್ ಕೊಳ್ಳುತ್ತಾನೆ. ಅವನನ್ನು ಕೆಡವಿದ್ದು ಆ ಒಂದು ಸಿಗರೇಟಲ್ಲ, ಆ ಒಂದು ಮಾತು. ಆದಮನ ಮಕ್ಕಳೆಲ್ಲರೂ ತಪ್ಪು ಮಾಡುವವರೇ, ಅವರಲ್ಲಿ ಉತ್ತಮರು ಪಶ್ಚಾತ್ತಾಪಪಟ್ಟು ಮರಳುವವರು ಎಂಬುದು ನಮ್ಮ ಪ್ರವಾದಿಯವರ(ಸ) ಬೋಧನೆ. ತೌಬಾದ ಬಾಗಿಲಿಗೆ ಬೀಗ ಹಾಕುವ ಅಧಿಕಾರ ತಂದೆಗಿಲ್ಲ, ಇಮಾಮ್‌ಗೂ ಇಲ್ಲ.

ಸಹೋದರರೇ, ಈಗ ನಮ್ಮ ಲೆಕ್ಕಕ್ಕೆ ಬರೋಣ. ಹದಿನಾಲ್ಕರಲ್ಲಿ ನಾಲ್ಕು, ಅದೂ ಎರಡು ತಿಂಗಳು ಹತ್ತು ದಿನಕ್ಕೆ. ಇದು ಸೋಲೇ? ಯಾರ ನೆರವೂ ಇಲ್ಲದೆ ಬಿಡಲು ಹೊರಟ ನೂರು ಮಂದಿಯಲ್ಲಿ ಆರು ತಿಂಗಳಿಂದ ಒಂದು ವರ್ಷದವರೆಗೆ ಉಳಿಯುವವರು ಮೂರರಿಂದ ಐದು ಜನ ಎಂದು 2004ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದವರು ಕಂಡುಕೊಂಡರು. ಈ ಸಂಖ್ಯೆ ತಿಳಿಯದವನು ಎರಡು ತಪ್ಪು ಮಾಡುತ್ತಾನೆ. ಈದ್ ದಿನ ಹದಿನಾಲ್ಕು ಕೈ ನೋಡಿ ಹೆಮ್ಮೆಪಡುತ್ತಾನೆ, ವರ್ಷದ ಕೊನೆಗೆ ಒಂದು ಕೈ ನೋಡಿ ನಿರಾಶನಾಗುತ್ತಾನೆ. ತಿಳಿದವನಿಗೆ ಇದು ಎಷ್ಟು ಕಷ್ಟದ ಕೆಲಸ ಎಂದು ಗೊತ್ತಿರುತ್ತದೆ. ಒಂದು ಸಲ ಆಗದಿದ್ದರೆ ಎರಡನೆಯ, ಐದನೆಯ, ಹತ್ತನೆಯ ಪ್ರಯತ್ನ ಬೇಕಾಗುತ್ತದೆ ಎಂದೂ ಗೊತ್ತಿರುತ್ತದೆ.

ಆ ಕಷ್ಟಕ್ಕೆ ಫಲವಿದೆ. ಬ್ರಿಟನ್ನಿನ ವೈದ್ಯರನ್ನೇ 50 ವರ್ಷ ಗಮನಿಸಿ 2004ರಲ್ಲಿ ಪ್ರಕಟವಾದ ಅಧ್ಯಯನ, ಸಿಗರೇಟು ಸೇದುತ್ತಲೇ ಇದ್ದವರು ಸರಾಸರಿ ಹತ್ತು ವರ್ಷ ಆಯಸ್ಸು ಕಳೆದುಕೊಂಡರೆಂದೂ, 40ರಲ್ಲಿ ಬಿಟ್ಟವರು ಅದರಲ್ಲಿ ಒಂಬತ್ತು ವರ್ಷ, 50ರಲ್ಲಿ ಬಿಟ್ಟವರು ಆರು ವರ್ಷ, 60ರಲ್ಲಿ ಬಿಟ್ಟವರು ಮೂರು ವರ್ಷ ಉಳಿಸಿಕೊಂಡರೆಂದೂ ತೋರಿಸಿತು. ಆಯಸ್ಸು ಅಲ್ಲಾಹನ ಕೈಯಲ್ಲಿದೆ. ಕಾರಣಗಳನ್ನು ಅನುಸರಿಸಲು ಅವನೇ ಆಜ್ಞಾಪಿಸಿದ್ದಾನೆ. ನಮ್ಮ ಕೈಯಿಂದಲೇ ನಮ್ಮನ್ನು ವಿನಾಶಕ್ಕೆ ತಳ್ಳಿಕೊಳ್ಳಬಾರದೆಂದು ಸೂರಃ ಅಲ್ ಬಕರಃದಲ್ಲಿ ತಡೆದಿದ್ದಾನೆ.

ಇನ್ನು ಮುಂದೆ ನಮ್ಮ ಮಸೀದಿಯಲ್ಲಿ ಕೈ ಎತ್ತಿಸುವುದಿಲ್ಲ. ಬಿಡಲು ಬಯಸುವವರು ನಮ್ಮ ಬಳಿ ಒಬ್ಬರೇ ಬನ್ನಿ. ಬಿಟ್ಟ ದಿನಾಂಕವನ್ನು ಮಾತ್ರ ಬರೆದುಕೊಳ್ಳುತ್ತೇವೆ, ಆ ಪುಸ್ತಕವನ್ನು ಬೇರೆ ಯಾರೂ ನೋಡುವುದಿಲ್ಲ. ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ ಇರಲಿ, ಈಗಾಗಲೇ ಬಿಟ್ಟವರಾದರೆ ಇನ್ನೂ ಒಳ್ಳೆಯದು. ಮೊದಲ ಎಂಟು ದಿನ ಪ್ರತಿದಿನ ವಿಚಾರಿಸಲಿ. ವೈದ್ಯರ ಸಲಹೆಗೆ ನಾಚಿಕೆ ಬೇಡ. ತಂಬಾಕು ಪ್ಯಾಕೆಟ್‌ಗಳ ಮೇಲೆಯೇ ಅಚ್ಚಾಗಿರುವ 1800-11-2356 ಎಂಬ ಉಚಿತ ಸಹಾಯವಾಣಿಗೆ ಕರೆ ಮಾಡಬಹುದು. ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ, ಕನ್ನಡದಲ್ಲೇ ಮಾತನಾಡಬಹುದು. ಆರು ತಿಂಗಳಾದ ಮೇಲೆ ನಾವು ಹೇಳುವುದು ಹೆಸರಿಲ್ಲದ ಒಂದೇ ಲೆಕ್ಕ: ಇಷ್ಟು ಜನ ಹೊರಟರು, ಇಷ್ಟು ಜನ ಉಳಿದರು. ಹೊರಟವರೆಲ್ಲರೂ ಆ ಲೆಕ್ಕದಲ್ಲಿರುತ್ತಾರೆ.

ಮನೆಯವರಿಗೆ ಒಂದು ಮಾತು. ಬಿಟ್ಟೆಯಾ ಎಂದು ಕೇಳುವ ಬದಲು, ಇವತ್ತು ಹೇಗಿತ್ತು ಎಂದು ಕೇಳಿ. ಮೊದಲ ಪ್ರಶ್ನೆಗೆ ಸುಳ್ಳು ಬರಬಹುದು, ಎರಡನೆಯದಕ್ಕೆ ಮಾತು ಬರುತ್ತದೆ.

ಸಂತೇಮರಹಳ್ಳಿಗೆ ಹೋಗುತ್ತಿದ್ದ ಆ ಯುವಕನ ಮನೆಗೆ ನಾವು ಹೋಗಿದ್ದೆವು. ಅವನ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇವೆ. ಈದ್ ಕಳೆದು ಇಪ್ಪತ್ತಮೂರು ದಿನ ಅವನು ಒಂದು ಬೀಡಿಯನ್ನೂ ಮುಟ್ಟಿರಲಿಲ್ಲ. ಬಾಳೆಗೊನೆ ಲೋಡು ತೆಗೆದುಕೊಂಡು ರಾತ್ರಿ ಗಾಡಿ ಓಡಿಸುವಾಗ ನಿದ್ದೆ ತಡೆಯಲು ಒಂದು ಸೇದಿದ. ಆಮೇಲೆ ನಿಲ್ಲಲಿಲ್ಲ. "ಇಪ್ಪತ್ತಮೂರು ದಿನ ಹೇಗಿದ್ದೆ ಅಂತ ಯಾರೂ ಕೇಳಲಿಲ್ಲ ಹಜ್ರತ್, ಯಾಕೆ ಬಿದ್ದೆ ಅಂತ ಮಾತ್ರ ಕೇಳಿದರು" ಎಂದ. ನಾವು ಕ್ಷಮೆ ಕೇಳಿದೆವು. ಅವನು ಮತ್ತೆ ಆರಂಭಿಸಿದ್ದಾನೆ, ಇಂದಿಗೆ ನಲವತ್ತು ದಿನ. ಪುಸ್ತಕದಲ್ಲಿ ಬಿಟ್ಟವರ ಪಟ್ಟಿಗೆ ಹಾಕಲೇ ಎಂದು ಕೇಳಿದಾಗ ಅವನೇ ತಡೆದ. "ಆರು ತಿಂಗಳು ಆಗಲಿ, ಆಮೇಲೆ ಬರೀರಿ. ಈಗ ಜುಮಾಕ್ಕೆ ಇಲ್ಲಿಗೇ ಬರ್ತೀನಿ" ಎಂದ.

ಅಲ್ಲಾಹನು ಅವನಿಗೂ, ಬಿಡಲು ಹೆಣಗುತ್ತಿರುವ ಎಲ್ಲ ಸಹೋದರರಿಗೂ ಸ್ಥಿರತೆಯನ್ನು ನೀಡಲಿ. ನಮ್ಮ ಅಳತೆಗಳನ್ನು ನೇರಗೊಳಿಸಲಿ. ನಾಳೆ ತನ್ನ ತಕ್ಕಡಿಯ ಮುಂದೆ ನಿಲ್ಲುವಾಗ ನಮ್ಮೊಂದಿಗೆ ಕರುಣೆಯಿಂದ ವರ್ತಿಸಲಿ. ಆಮೀನ್.